ಕೂಮಾಕ್ಕೆ ಬರುವ ತಂಗಿಗೆ

ಆಸ್ಟ್ರೇಲಿಯಾದ ಕೂಮಾ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ. ಚಳಿ ಹೇಗೆ, ಅಡುಗೆ ಸಾಮಾನು ಸಿಗುತ್ತದೆಯೇ, ಬೇಸಿಗೆಯ ಕಾಡ್ಗಿಚ್ಚಿಗೆ ಹೆದರಬೇಕೇ ಎಂದು ಕೇಳಿದ್ದೀರಿ. ಮೊದಲೆರಡಕ್ಕೆ ಉತ್ತರ ಸುಲಭ. ಜುಲೈ ಅಲ್ಲಿ ಚಳಿಗಾಲ, ಮೈಸೂರಿನ ಸ್ವೆಟರ್ ಅದಕ್ಕೆ ಸಾಲದು, ಕೋಟನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳಿ. ರಾಗಿಹಿಟ್ಟು, ಹುಣಸೆಹಣ್ಣಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕ್ಯಾನ್‌ಬೆರಾಕ್ಕೆ ಬರಬೇಕು. ಬಂದಾಗ ಪಕ್ಕದ ಕ್ವೀನ್‌ಬಿಯನ್‌ನಲ್ಲಿರುವ ನಮ್ಮ ಮನೆಯಲ್ಲೇ ಊಟ ಮಾಡಿ.

ಮೂರನೆಯದಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು. 2020ರ ಜನವರಿಯ ಬೇಸಿಗೆಯಲ್ಲಿ ನಾವು ಕಾಡ್ಗಿಚ್ಚಿನ ಹೊಗೆ ಒಳಬರದಿರಲೆಂದು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿಕೊಂಡು ಮಲಗುತ್ತಿದ್ದೆವು. ಒಂದು ದಿನ ಹಿತ್ತಲಲ್ಲಿ ಒಣಹಾಕಿದ್ದ ನನ್ನವರ ಪಂಚೆಯ ಮೇಲೆ ನೀಲಗಿರಿ ಎಲೆಯೊಂದು ಬಿದ್ದಿತ್ತು. ಆಕಾರವೆಲ್ಲ ಹಾಗೇ ಇತ್ತು, ಬೆರಳು ತಾಗಿಸಿದೊಡನೆ ಕರಿಪುಡಿಯಾಯಿತು. ಎಲ್ಲಿಂದ ಹಾರಿ ಬಂದಿತ್ತೋ.

ಆ ತಿಂಗಳ 23ರಂದು ನಮ್ಮ ಊರಿನ ಅಂಚಿಗೇ ಬೆಂಕಿ ಬಿತ್ತು, ಕ್ಯಾನ್‌ಬೆರಾ ವಿಮಾನ ನಿಲ್ದಾಣ ಮುಚ್ಚಿತು. ನಾವು ಪಾಸ್‌ಪೋರ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಕುಳಿತಿದ್ದಾಗ ರೇಡಿಯೋದಲ್ಲಿ ಇನ್ನೊಂದು ಸುದ್ದಿ ಬಂತು. ಕೂಮಾದ ಈಶಾನ್ಯಕ್ಕಿರುವ ಪೀಕ್ ವ್ಯೂ ಎಂಬಲ್ಲಿ, ಬೆಂಕಿ ತಡೆಯುವ ದ್ರಾವಣ ಸುರಿಯಲು ಹೋಗಿದ್ದ ಹರ್ಕ್ಯುಲಿಸ್ ವಿಮಾನ ಬಿದ್ದಿತ್ತು. ಒಳಗಿದ್ದ ಮೂವರೂ ತೀರಿಕೊಂಡರು, ಮೂವರೂ ಅಮೆರಿಕದವರು. ಕ್ಯಾಪ್ಟನ್ ಇಯಾನ್ ಮೆಕ್‌ಬೆತ್‌ಗೆ 44 ವರ್ಷ, ಮೊಂಟಾನಾದವರು, ಮೂರು ಮಕ್ಕಳ ತಂದೆ. ಸಹ ಪೈಲಟ್ ಪಾಲ್ ಹಡ್ಸನ್‌ಗೆ 42, ಫ್ಲೈಟ್ ಎಂಜಿನಿಯರ್ ರಿಕ್ ಡಿಮಾರ್ಗನ್‌ಗೆ 43. ನಮ್ಮ ಹಾಗೆ ದುಡಿಯಲು ಪರದೇಶಕ್ಕೆ ಬಂದವರು. ನಾವು ನೆಲೆಸಲು ಬಂದೆವು, ಅವರು ಒಂದು ಬೇಸಿಗೆಯ ಮಟ್ಟಿಗೆ ಬಂದಿದ್ದರು. ಅಷ್ಟೇ ವ್ಯತ್ಯಾಸ.

ಸಿಡ್ನಿಯ ಹೊರವಲಯದ ರಿಚ್ಮಂಡ್ ವಾಯುನೆಲೆಯಿಂದ ಮಧ್ಯಾಹ್ನ ಹೊರಟ ಆ ವಿಮಾನ ಮೊದಲು ಅಡಮಿನಬಿ ಎಂಬ ಊರಿನ ಕಡೆಯ ಬೆಂಕಿಗೆ ಹೋಗಿತ್ತು. ಅಲ್ಲಿಯ ಗಾಳಿ, ಹೊಗೆ ನೋಡಿ ದ್ರಾವಣ ಸುರಿಯುವುದು ಬೇಡವೆಂದು ಬಿಟ್ಟು, ಪೀಕ್ ವ್ಯೂ ಕಡೆ ತಿರುಗಿತು. ಸಾವಿರಾರು ಲೀಟರ್ ಸುರಿದು ಮೇಲೇರುವಾಗ ಗಾಳಿ ಥಟ್ಟನೆ ತಿರುಗಿರಬೇಕು. ರೆಕ್ಕೆಗಳಿಗೆ ಎತ್ತುವ ಬಲ ತಪ್ಪಿತು. ಅಷ್ಟು ತಗ್ಗಿನಲ್ಲಿ ಸುಧಾರಿಸಿಕೊಳ್ಳಲು ಎತ್ತರವೆಲ್ಲಿದೆ?

ಮೂವರನ್ನೂ ಎಲ್ಲರೂ ವೀರರೆಂದು ಕೊಂಡಾಡಿದರು, ಸರಿಯೇ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು 2022ರಲ್ಲಿ ಹೊರಬಂದ ತನಿಖಾ ವರದಿಯ ಒಂದು ಸಂಗತಿ. ಗಾಳಿಯ ಆರ್ಭಟ ನೋಡಿ ಆ ದಿನ ಬೇರೆ ಕೆಲವು ವಿಮಾನಗಳವರು ಹಾರಲು ಒಪ್ಪಿರಲಿಲ್ಲ. ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಪದ್ಧತಿಯೇ ಸರಿಯಾಗಿ ಇರಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ಅನ್ನ ಸೇರಲಿಲ್ಲ. ನಮ್ಮ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಲು ಹೋಗಿ ತೀರಿಕೊಂಡ ಅರಣ್ಯ ರಕ್ಷಕನೂ ನೆನಪಾದ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಮನೆ ಹುಡುಕುವಾಗ ಬಾಡಿಗೆಯ ಜೊತೆಗೆ ಸುತ್ತ ಎಷ್ಟು ಕಾಡಿದೆ, ಊರಿನಿಂದ ಹೊರಬೀಳಲು ಎಷ್ಟು ರಸ್ತೆಗಳಿವೆ ಎಂಬುದನ್ನೂ ಕೇಳಿ. ಮೊಬೈಲಿನಲ್ಲಿ ‘ಹಜಾರ್ಡ್ಸ್ ನಿಯರ್ ಮಿ’ ಎಂಬ, ಹತ್ತಿರದ ಬೆಂಕಿಯ ಎಚ್ಚರಿಕೆ ಕೊಡುವ ಆ್ಯಪ್ ಹಾಕಿಕೊಳ್ಳಿ. ಬಯಲಲ್ಲಿ ಬೆಂಕಿ ಹಚ್ಚಬಾರದೆಂದು ಸಾರಿದ ನಿಷೇಧದ ದಿನ ಅಂಗಳದಲ್ಲಿ ಒಲೆ ಹೊತ್ತಿಸಬೇಡಿ, ಗೃಹಪ್ರವೇಶದ ಹೋಮವಾದರೂ ಅಷ್ಟೇ. ಜ್ವಾಲೆಯನ್ನಲ್ಲ, ಗಾಳಿಯನ್ನು ನೋಡಿ. ಪಕ್ಕದ ಮನೆಯವರು ಕಾರಿಗೆ ಸಾಮಾನು ತುಂಬುತ್ತಿದ್ದರೆ ನಾಚಿಕೆಪಡದೆ ಹೋಗಿ, ಏಕೆ ಹೊರಟಿರಿ ಎಂದು ಕೇಳಿ. ಇಲ್ಲಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿದರೆ ಬಿಡಿಸಿ ಹೇಳುತ್ತಾರೆ. ಅವರಲ್ಲೇ ಯಾರಾದರೂ ಸಂಬಳವಿಲ್ಲದೆ ಬೆಂಕಿ ಆರಿಸಲು ಹೋಗುವ ಸ್ವಯಂಸೇವಕರಿರಬಹುದು.

ಹೆದರಿ ಕೆಲಸ ಬಿಡಬೇಡಿ. ಬಂದು ನೆಲೆಯಾದ ಮೇಲೆ ಒಂದು ಭಾನುವಾರ ನ್ಯೂಮೆರಾಲ್ಲಾ ಎಂಬ ಹಳ್ಳಿ ದಾಟಿ ಪೀಕ್ ವ್ಯೂ ಕಡೆ ಹೋಗಿ ಬರೋಣ. ಬುತ್ತಿ ನಾನು ತರುತ್ತೇನೆ. ನೀವು ಟೋಪಿ ಮರೆಯಬೇಡಿ, ಅಲ್ಲಿ ನೊಣಗಳ ಕಾಟ ಬಹಳ.