ಹೋಟೆಲ್ ತಿಂಡಿ ದುಬಾರಿಯಾದ ಮೇಲೆ ಟಿಪ್ಸ್ ಕೊಡೋದು ಕಡಿಮೆಯಾಗಿದೆಯಾ? ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಹಾಕಿದ್ದರೂ ಕೊಡಬೇಕಾ?

ಬೆಂಗಳೂರಿನ ಮಟ್ಟಿಗೆ ಹೇಳುತ್ತೇನೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಕಾಫಿ ಪುಡಿ ಅದಕ್ಕೂ ಮೊದಲೇ ಏರಿತ್ತು. ಹಾಗಂತ ಜನ ಹೊರಗೆ ತಿನ್ನೋದು ಬಿಟ್ಟಿಲ್ಲ, ಜಾಗ ಬದಲಿಸಿದ್ದಾರೆ. ಎಸಿ ಹಾಲ್ ಬಿಟ್ಟು ದರ್ಶಿನಿಯಲ್ಲಿ ನಿಂತು ತಿನ್ನುತ್ತಾರೆ, ಬೈಟು ಕಾಫಿ ಹೇಳುತ್ತಾರೆ. ಅಲ್ಲಿ ತಟ್ಟೆ ತರುವವರೂ ನಾವೇ, ಟಿಪ್ಸ್ ಮಾತೇ ಇಲ್ಲ.

ಆದರೆ ಟಿಪ್ಸ್ ಕಡಿಮೆಯಾಗಲು ಬೆಲೆಗಿಂತ ಯುಪಿಐ ದೊಡ್ಡ ಕಾರಣ ಅನ್ನೋದು ನನ್ನ ಅನಿಸಿಕೆ. ಮೊದಲು ಸೋಂಪಿನ ಜೊತೆ ಬಂದ ಚಿಲ್ಲರೆಯನ್ನು ಹಾಗೇ ಬಿಟ್ಟು ಏಳುತ್ತಿದ್ದೆವು. ಈಗ 347 ರೂಪಾಯಿ ಬಿಲ್ಲಿಗೆ ಸರಿಯಾಗಿ 347 ಸ್ಕ್ಯಾನ್. ಚಿಲ್ಲರೆಯೇ ಹುಟ್ಟುವುದಿಲ್ಲ, ಅಲ್ವಾ? ನಾನಂತೂ ಇದಕ್ಕೇ ಅಂತ ಜೇಬಿನಲ್ಲಿ 20ರ ನೋಟು ಇಟ್ಟುಕೊಂಡಿರುತ್ತೇನೆ.

ಇನ್ನು ಸರ್ವೀಸ್ ಚಾರ್ಜ್ ಕಡ್ಡಾಯವಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಿ, ಸಂಕೋಚ ಬೇಡ. ಜಿಎಸ್‌ಟಿ ಬೇರೆ, ಅದನ್ನು ಕಟ್ಟಲೇಬೇಕು. ಸರ್ವೀಸ್ ಚಾರ್ಜ್ ತೆಗೆಸಿದ ಮೇಲೆ ಕೊಡಬೇಕು ಅನಿಸಿದ್ದನ್ನು ಬಡಿಸಿದವರ ಕೈಗೇ ಕೊಡಿ.