ಸಂಖ್ಯೆ ಅದೇ, ವಿಮಾನ ಬೇರೆ

ಪ್ರಶ್ನೆ: 2019ರಲ್ಲಿ ಮೊಮ್ಮಗನೊಂದಿಗೆ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೋಗಿದ್ದಾಗ ‘ಪರಶುರಾಮ’ ಎಂಬ ಡಕೋಟಾ ಸಾಗಣೆ ವಿಮಾನ ಹಾರಿದ್ದನ್ನು ದೂರದಿಂದ ನೋಡಿದೆ. 1947ರಲ್ಲಿ ಶ್ರೀನಗರದಲ್ಲಿ ಇಳಿದದ್ದು ಇದೇ ವಿಮಾನ ಎಂದು ಪಕ್ಕದಲ್ಲಿದ್ದವರು ಹೇಳಿದರು. ಇದು ನಿಜವೇ? ಇಂಥ ಯುದ್ಧಕಾಲದ ವಿಮಾನವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಏನನ್ನು ಗಮನಿಸಬೇಕು?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ಸರಿ. ವಿಮಾನದ ಮೇಲೆ ಬರೆದಿರುವ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ್ದು. ಅದರ ನೆನಪಿಗಾಗಿ ಈ ವಿಮಾನಕ್ಕೂ ಅದೇ ಸಂಖ್ಯೆಯನ್ನು ಕೊಟ್ಟಿದ್ದಾರೆ. ವಿಮಾನ ಮಾತ್ರ ಬೇರೆಯದು. ಗುಜರಿ ಪಾಲಾಗಲಿದ್ದ ಇದನ್ನು ರಾಜೀವ್ ಚಂದ್ರಶೇಖರ್ ಅವರು ಕೊಂಡು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ದುರಸ್ತಿ ಮಾಡಿಸಿ, ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ಕಾಲದಲ್ಲಿ, 2018ರಲ್ಲಿ, ವಾಯುಪಡೆಗೆ ಉಡುಗೊರೆಯಾಗಿ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಇಂಗ್ಲೆಂಡಿನಿಂದ ಭಾರತಕ್ಕೆ ಅದು ಅಲ್ಲಲ್ಲಿ ಇಳಿಯುತ್ತ, ಸ್ವಂತ ಬಲದ ಮೇಲೆ ಹಾರಿಕೊಂಡೇ ಬಂತು.

ಹೀಗೆ ಹಳೆಯ ಸಂಖ್ಯೆಯನ್ನು ಬೇರೊಂದು ವಿಮಾನಕ್ಕೆ ಬರೆಯುವುದು ಕೆಲವರಿಗೆ ಸರಿಕಾಣುವುದಿಲ್ಲ. ನನಗೇನೂ ತಕರಾರಿಲ್ಲ. ಇದರ ಸೇನಾ ಮಾದರಿಗಳು 10,000ಕ್ಕೂ ಹೆಚ್ಚು ತಯಾರಾದವು; ಒಂದರ ಬಿಡಿಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರಬೇಕೆಂಬುದೇ ಆ ತಯಾರಿಕೆಯ ಹಿಂದಿನ ಲೆಕ್ಕವಾಗಿತ್ತು. ಸಂಗತಿಯನ್ನು ಬಚ್ಚಿಡದೆ ಹೇಳಿದರೆ ಸಾಕು.

ಇನ್ನು ಎರಡನೆಯ ಪ್ರಶ್ನೆ. ಎಲ್ಲರಂತೆ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮೊದಲು ಬಾಲದ ಕಡೆಗೆ ಹೋಗಿ. ದಿಕ್ಕು ತಿರುಗಿಸುವ ಅಲ್ಲಿನ ಚುಕ್ಕಾಣಿಯನ್ನು ಲೋಹದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು, ಅದಕ್ಕೆ ದ್ರಾವಣ ಬಳಿದು ಗಡುಸಾಗಿಸಿ ಮಾಡಿರುತ್ತಾರೆ. ಓರೆ ಬಿಸಿಲಿನಲ್ಲಿ ನೋಡಿದರೆ ಒಳಗಿನ ಪಟ್ಟಿಗಳು ಬಡಕಲು ಎತ್ತಿನ ಪಕ್ಕೆಲುಬಿನಂತೆ ಎದ್ದು ಕಾಣುತ್ತವೆ. ಬಾಲವು ಸಣ್ಣ ಗಾಲಿಯ ಮೇಲೆ ತಗ್ಗಿನಲ್ಲಿ ಕೂತಿರುವುದರಿಂದ ಒಳಗಿನ ನೆಲವೂ ಇಳಿಜಾರಾಗಿರುತ್ತದೆ. ಎಡಬದಿಯ ಹಿಂಬಾಗಿಲಿನಿಂದ ಹತ್ತಿದವರು ಚಾಲಕರ ಕೋಣೆ ತಲುಪಬೇಕಾದರೆ ದಿಬ್ಬ ಏರಿದ ಹಾಗೆ ನಡೆಯಬೇಕು. ಸರಂಜಾಮು ಹೊತ್ತ 28 ಸೈನಿಕರು ಕೂರುತ್ತಿದ್ದುದು ಇದೇ ಇಕ್ಕಟ್ಟಿನಲ್ಲಿ, ಗೋಡೆಗಂಟಿದ ಮಡಚುವ ಆಸನಗಳಲ್ಲಿ, ಎದುರುಬದುರಾಗಿ.

ಎಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕಿರುವುದನ್ನು ಕಂಡು ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಇದರ ಪ್ರತಿ ಎಂಜಿನ್ನಿನಲ್ಲೂ ಏಳೇಳರ ಎರಡು ಸುತ್ತುಗಳಂತೆ 14 ಸಿಲಿಂಡರುಗಳು ಗಾಲಿಯ ಅರಗಳ ಹಾಗೆ ಜೋಡಣೆಯಾಗಿರುತ್ತವೆ. ವಿಮಾನ ಬಹಳ ಹೊತ್ತು ನಿಂತರೆ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಜಿನುಗಿ ತುಂಬಿಕೊಳ್ಳುತ್ತದೆ. ಗಾಳಿಯನ್ನು ಅದುಮಿದಂತೆ ಎಣ್ಣೆಯನ್ನು ಅದುಮಲು ಆಗುವುದಿಲ್ಲವಾದ್ದರಿಂದ, ಹಾಗೆಯೇ ಚಾಲೂ ಮಾಡಿದರೆ ಒಳಗಿನ ಉಕ್ಕಿನ ದಂಡವೇ ಬಾಗಿಹೋಗಬಹುದು. ಈ ಕಾರಣಕ್ಕೆ ಸಿಬ್ಬಂದಿ ಮೊದಲು ಪ್ರೊಪೆಲ್ಲರಿನ ಅಲಗುಗಳನ್ನು ಒಂದೊಂದಾಗಿ ಎಣಿಸುತ್ತ ಕೈಯಿಂದಲೇ ತಿರುಗಿಸುತ್ತಾರೆ. ಎಲ್ಲಾದರೂ ತಡೆದಂತಾದರೆ ಬಲ ಪ್ರಯೋಗಿಸದೆ, ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆಯನ್ನು ಹೊರಬಿಡುತ್ತಾರೆ. ಆಮೇಲೆ ಚಾಲೂ ಮಾಡಿದಾಗ ಒಂದೆರಡು ಸಿಲಿಂಡರು ಕೆಮ್ಮಿ, ನೀಲಿಗಟ್ಟಿದ ಹೊಗೆ ಉಗುಳಿ, ಉಳಿದವು ಒಂದೊಂದಾಗಿ ಜೊತೆಗೂಡಿ ಸದ್ದು ಹದಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಹಾರಾಟಕ್ಕಿಂತಲೂ ನೋಡಬೇಕಾದದ್ದು ಅದನ್ನೇ.

ಇಷ್ಟನ್ನು ನೋಡಿದ ಮೇಲೆ, 1948ರ ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರು ಇಂಥದೇ ಡಕೋಟಾವನ್ನು ಲೇಹ್‌ನಲ್ಲಿ, ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದ ಕಚ್ಚಾ ಓಡುದಾರಿಯ ಮೇಲೆ ಇಳಿಸಿದ್ದು ಎಂಥ ಸಾಹಸ ಎಂಬುದು ತಿಳಿಯುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡು ಈ ವಿಮಾನದಲ್ಲಿ ಇರಲಿಲ್ಲ; ದಾಟಬೇಕಾದದ್ದು ಹಿಮಾಲಯದ ಕಣಿವೆಗಳನ್ನು. ಅಂದು ಅವರ ಜೊತೆ ಕೂತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು.

ಬೆಂಗಳೂರಿಗೂ ಡಕೋಟಾ ಹೊಸ ಅತಿಥಿಯೇನಲ್ಲ. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಯಿತು. ಅಲ್ಲಿ ಬಿಚ್ಚಿ ಜೋಡಿಸಿದವುಗಳಲ್ಲಿ ಡಕೋಟಾಗಳೂ ಇದ್ದವು.

ಪ್ರಶ್ನೆ: ಕಳೆದ ಬಾರಿ ಏರೋ ಇಂಡಿಯಾಕ್ಕೆ ಟಿಕೆಟ್ ಕೊಂಡು ಹೋದರೂ ಯಾವ ವಿಮಾನದ ಹತ್ತಿರಕ್ಕೂ ನಮ್ಮನ್ನು ಬಿಡಲಿಲ್ಲ. ತಪ್ಪು ಯಾರದು?
– ಗೃಹಿಣಿ, ತುಮಕೂರು

ಉತ್ತರ: ತಾವು ಕೊಂಡದ್ದು ಬಹುಶಃ ಹಾರಾಟ ವೀಕ್ಷಣೆಯ ಅಂಗಳದ ಟಿಕೆಟ್. ಅದು ಅಗ್ಗ, ಆದರೆ ಅದರಲ್ಲಿ ಆಕಾಶವನ್ನಷ್ಟೇ ನೋಡಬಹುದು. ನೆಲದ ಮೇಲೆ ನಿಲ್ಲಿಸಿದ ವಿಮಾನಗಳ ಬಳಿಗೆ ಹೋಗಬೇಕಾದರೆ ಸಾರ್ವಜನಿಕರಿಗೆ ಮೀಸಲಾದ ದಿನದ ಸಾಮಾನ್ಯ ಪ್ರವೇಶದ ಟಿಕೆಟ್ ಬೇಕು. ಡಕೋಟಾ ಪ್ರತಿ ಬಾರಿಯೂ ಬಂದೇ ಬರುತ್ತದೆ ಎನ್ನಲಾಗದು. ಅದಕ್ಕೆಂದೇ ಹೋಗುವವರು ಮೊದಲು ವಿಚಾರಿಸಿಕೊಳ್ಳುವುದು ಲೇಸು. ಫೆಬ್ರವರಿಯಾದರೂ ಯಲಹಂಕದ ಆ ಬಯಲಿನಲ್ಲಿ ನೆರಳಿಲ್ಲ, ಟೋಪಿ ಮರೆಯಬೇಡಿ. ಬೆಳಗಿನ ಹಾರಾಟ ಮುಗಿದು ಜನ ಊಟಕ್ಕೆ ಚದುರಿದಾಗ ವಿಮಾನದ ಹತ್ತಿರ ಹೋಗಿ. ಆಗ ಅಲ್ಲಿ ನಿಂತಿರುವ ಸಿಬ್ಬಂದಿಗೆ ಒಂದಿಷ್ಟು ಬಿಡುವಿರುತ್ತದೆ; ಎಣ್ಣೆಯ ವಿಷಯ ಕೇಳಿ, ಖುಷಿಯಿಂದ ಹೇಳುತ್ತಾರೆ.