ಮಂಜೂರಾದ ಮನೆ ಬುನಾದಿಯಲ್ಲೇ ಯಾಕೆ ನಿಲ್ಲುತ್ತದೆ

ಕಲಬುರಗಿ ಕಡೆ ಸರ್ಕಾರಿ ಮನೆ ಸಿಗೋದು ರಾಜಕೀಯದವರ ಶಿಫಾರಸು ಚೀಟಿಯಿಂದಲೇ ಅಲ್ಲವೇ ಎಂದು ಕೇಳಿದ್ದೀರಿ. ಚೀಟಿ ನಡೆಯುತ್ತದೆ. ದುಡ್ಡು ಕೊಟ್ಟವರಿಗೇ ಮನೆ ಹಂಚಿಕೆಯಾಗುತ್ತಿದೆ ಎಂದು ಆಳಂದದ ಶಾಸಕ ಬಿ.ಆರ್. ಪಾಟೀಲರೇ ಆರೋಪಿಸಿದ ಆಡಿಯೊವನ್ನು 2025ರ ಜೂನ್‌ನಲ್ಲಿ ರಾಜ್ಯವೆಲ್ಲ ಕೇಳಿತು, ವಸತಿ ಸಚಿವರು ಅಲ್ಲಗಳೆದರು. ಆದರೆ ಬಡವರ ಮನೆ ತಪ್ಪಿಹೋಗುವ ಜಾಗಗಳು ಇನ್ನೂ ಕೆಳಗೆ, ಊರಿನ ಮಟ್ಟದಲ್ಲಿವೆ.

ಫಲಾನುಭವಿಗಳನ್ನು ಆರಿಸಬೇಕಾದದ್ದು ಗ್ರಾಮಸಭೆ. ತೊಗರಿ ರಾಶಿ ಮುಗಿದರೆ ಕೂಲಿಯವರು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಆಗ ಸಭೆ ಕರೆದರೆ ಅವರ ಹೆಸರು ಹೇಳುವವರೇ ಇರುವುದಿಲ್ಲ. ಊರಲ್ಲಿ ಉಳಿದವರು ಮೆಂಬರರ ಹಿಂದೆ ಓಡಾಡುವವರು.

ಆಮೇಲೆ ಜಾಗದ ಕಾಗದ. ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಅಜ್ಜನ ಹೆಸರಲ್ಲೇ ಉಳಿದ ಮನೆಯಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ಪಾಲಾಗದೆ ಫೈಲು ಮುಂದೆ ಹೋಗದು. ತಾಂಡಾಗಳಲ್ಲಿ ಹಕ್ಕುಪತ್ರವೇ ಇರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಹಂಚಿದ್ದು ಅದನ್ನೇ. ಕಾಗದ ಮೊದಲೇ ಸರಿ ಇರುವುದು ಸ್ವಲ್ಪ ಉಳ್ಳವರದು, ಹಾಗಾಗಿ ನಿಯಮ ಮುರಿಯದೆಯೂ ಅವರೇ ಮುಂದೆ ಬರುತ್ತಾರೆ.

ದೊಡ್ಡ ಪೆಟ್ಟು ಬುನಾದಿಯಲ್ಲಿ. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ ರೂಪಾಯಿ. ಬುನಾದಿ, ಲಿಂಟಲ್, ಛಾವಣಿ, ಪೂರ್ಣ ಎಂದು 4 ಹಂತದಲ್ಲಿ ಬರುತ್ತದೆ. ಹಂತ ಮುಗಿಸಿ ಜಿಪಿಎಸ್ ಫೋಟೊ (ಜಾಗದ ಗುರುತು ದಾಖಲಾಗುವ ಫೋಟೊ) ಆದ ಮೇಲೆ ಬಿಲ್, ಅಂದರೆ ಆ ಹಂತದ ಹಣ. ಹಾಗಾಗಿ ಮೊದಲ ಖರ್ಚು ಮನೆಯವರದೇ. ನಮ್ಮದು ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೊರಂ ಸಿಗುವವರೆಗೆ ತೋಡಿ ಕಲ್ಲು ತುಂಬದಿದ್ದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಕೂಲಿಯವನ ಕೈಲಿ ಅಷ್ಟು ರೊಕ್ಕ ಎಲ್ಲಿಂದ? ಆಗ ಮೆಂಬರ್ ಕಡೆಯ ಗುತ್ತೇದಾರ ಬಂದು "ಬುನಾದಿ ನಾ ಹಾಕಸ್ತೀನಿ, ಪಾಸ್‌ಬುಕ್ ನನ್ನ ಕಡಿ ಇರಲಿ" ಅನ್ನುತ್ತಾನೆ. ರಾಜಕೀಯದ ನಿಜವಾದ ಹಿಡಿತ ಇಲ್ಲಿದೆ. ಅವನು ಎರಡಡಿ ತೋಡಿ ಫೋಟೊ ತೆಗೆಸುತ್ತಾನೆ, ಬಿಲ್ ಅವನಿಗೆ, ಬಿರುಕು ಮನೆಯವರಿಗೆ. ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಗೂ ಕೊಡಬಾರದು.

ತಕರಾರಿದ್ದರೆ ಬಾಯಿಮಾತಿನಲ್ಲಿ ಜಗಳಾಡಿ ಫಲವಿಲ್ಲ. ಗ್ರಾಮಸಭೆಯ ಠರಾವಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಕು: ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರ 30 ದಿನದೊಳಗೆ. ಅದನ್ನು ರಾಜೀವ್ ಗಾಂಧಿ ವಸತಿ ನಿಗಮದ ಪಟ್ಟಿಯ ಜೊತೆ ಹೆಸರು ಹೆಸರಾಗಿ ತಾಳೆ ನೋಡಿ, ಬಿಟ್ಟುಹೋದ ಹೆಸರುಗಳನ್ನು ಬರೆದು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.